ರಾಜನ ಮುಖ ಕೆರೆದ ರೂಪಾಯಿ

ನಾನು ಚಿಕ್ಕವನಿದ್ದಾಗ ನನಗೆ ಹೇಸಿಗೆ ಬಾರದ ವಸ್ತು ಕಂಪ್ಲಿ ಊರೆಲ್ಲ ಹುಡುಕಿದರೆ ಒಂದೋ ಎರಡೋ ಸಿಗುತ್ತಿತ್ತು, ಅಷ್ಟೆ. ಹಾಲಿನ ಕೆನೆ ತುಟಿಗೆ ತಾಗಿದರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಎಮ್ಮೆಯ ಮೂಗಿನ ತೇವ, ಬಚ್ಚಲ ಕಲ್ಲಿನ ಪಾಚಿ, ಬೆಂಡೆಕಾಯಿಯ ಲೋಳೆ, ನೆಂಟರು ಅರ್ಧ ಕುಡಿದಿಟ್ಟ ಲೋಟ, ಎಲ್ಲಕ್ಕೂ ಮೂಗು ಮುರಿಯುತ್ತಿದ್ದೆ. ಯಾರಾದರೂ ಊಟಕ್ಕೆ ಕುಳಿತು ಸೊರ್ರೆಂದು ಸಾರು ಹೀರಿದರೆ ನನ್ನ ಊಟ ಅಲ್ಲಿಗೆ ಮುಗಿಯುತ್ತಿತ್ತು. ‘ಇವ ದೊಡ್ಡಾವಾದ ಮ್ಯಾಲೆ ಬರೇ ಗಾಳಿ ಕುಡದು ಬದಕ್ತಾನ’ ಎಂದು ಅಕ್ಕ ಹಂಗಿಸುತ್ತಿದ್ದಳು.

ನೀವು ನಗುತ್ತೀರಿ, ನಗಿ. ಮೊನ್ನೆ ಮದುವೆಮನೆಯಿಂದ ನೀವು ತಂದ ವೆಲ್ವೆಟ್ ಡಬ್ಬಿಯ ಬೆಳ್ಳಿ ನಾಣ್ಯ ನೋಡಿ ನಾನು ‘ಥೂ’ ಎಂದು ತಟ್ಟೆ ಬಿಟ್ಟು ಎದ್ದೆನಲ್ಲ, ಆಗ ಅಜ್ಜನಿಗೆ ವಯಸ್ಸಾಯಿತು, ಚಂದದ ವಸ್ತು ಕಂಡರೂ ಸಿಡುಕುತ್ತಾನೆ ಎಂದು ಮುಖ ಮುಖ ನೋಡಿಕೊಂಡಿರಿ. ಸಿಡುಕುವುದು ನಿಜ. ಆದರೆ ಆ ನಾಣ್ಯದಲ್ಲಿ ನಿಮಗೆ ಕಂಡದ್ದು ಬೇರೆ, ನನಗೆ ಕಂಡದ್ದು ಬೇರೆ. ನನಗೇನು ಕಂಡಿತು ಎಂಬುದು ತಿಳಿಯಬೇಕಾದರೆ ನಮ್ಮಪ್ಪನ ಎರಡನೆಯ ಮದುವೆಯ ದಿನ ಏನಾಯಿತು ಎಂಬುದನ್ನು ಮೊದಲು ಕೇಳಬೇಕು.

ಹೇಸಿಗೆ ಬಾರದ ಒಂದೆರಡು ವಸ್ತು ಎಂದೆನಲ್ಲ, ಅದರಲ್ಲಿ ಅವ್ವನ ಎಂಜಲು ಒಂದು. ನನ್ನ ಮುಖಕ್ಕೆ ಮಸಿ ಹತ್ತಿದ್ದರೆ ಅವ್ವ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ, ಒದ್ದೆ ಮಾಡಿ, ಕೆನ್ನೆ ಉಜ್ಜುವಳು. ಕಬ್ಬಿನ ತುಂಡನ್ನು ತನ್ನ ಹಲ್ಲಿನಿಂದಲೇ ಸಿಗಿದು ನನ್ನ ಬಾಯಿಗಿಡುವಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಊರು ಬಿಟ್ಟು ಓಡುತ್ತಿದ್ದೆ. ಅವ್ವನದು ಮಾತ್ರ ಎಂಜಲು ಎಂದು ಅನ್ನಿಸುತ್ತಲೇ ಇರಲಿಲ್ಲ. ಅವಳ ಗದ್ದದ ಮೇಲೆ ಒಂದು ಹಚ್ಚೆಯ ಚುಕ್ಕಿ ಇತ್ತು. ಹಳೆಯದಾಗಿ ಹಸಿರು ಬಣ್ಣಕ್ಕೆ ತಿರುಗಿತ್ತು. ಅವ್ವ ತುತ್ತು ಇಡುವಾಗ ನಾನು ಆ ಚುಕ್ಕಿಯ ಮೇಲೆ ಬೆರಳಿಟ್ಟುಕೊಂಡೇ ತಿನ್ನುತ್ತಿದ್ದೆ. ಬೆರಳು ತೆಗೆದರೆ ಬಾಯಿ ಮುಚ್ಚಿಬಿಡುತ್ತಿದ್ದೆನಂತೆ.

ಒಂದು ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು, ಇಳಿಯಲಿಲ್ಲ. ಉಸಿರು ನಿಂತ ಮೇಲೆ ಗೋಡೆಗೊರಗಿಸಿ ಕೂರಿಸಿದ ಅವ್ವನ ಹಣೆಗೆ ವಿಭೂತಿ ಬಳಿದು, ಅದರ ಮೇಲೊಂದು ಬೆಳ್ಳಿ ರೂಪಾಯಿ ಅಂಟಿಸಿದ್ದರು. ಮಣ್ಣಿಗಿಡುವ ಮುಂಚೆ ಅಪ್ಪ ಆ ರೂಪಾಯಿಯನ್ನು ಮೆಲ್ಲಗೆ ಬಿಡಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಗೂಡಿನಲ್ಲಿ ಇಟ್ಟ. ಅವ್ವನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿ ಇರಲಿಲ್ಲ. ಆಗ ಫೋಟೋ ತೆಗೆಸುವುದೆಂದರೆ ಊರಿನ ದೊಡ್ಡ ಮನುಷ್ಯರ ಕೆಲಸ. ವರ್ಷ ತುಂಬುವ ಹೊತ್ತಿಗೆ ನನಗೊಂದು ಭಯ ಹತ್ತಿಕೊಂಡಿತು. ಕಣ್ಣು ಮುಚ್ಚಿದರೆ ಆ ಹಸಿರು ಚುಕ್ಕಿ ಕಾಣುತ್ತಿತ್ತು. ಅದರ ಸುತ್ತ ಅವ್ವನ ಮುಖ ಮಾತ್ರ ಬರುತ್ತಿರಲಿಲ್ಲ. ಎಷ್ಟು ಬಿಗಿಯಾಗಿ ಮುಚ್ಚಿದರೂ ಬರುತ್ತಿರಲಿಲ್ಲ. ಇದನ್ನು ನಾನು ಅಕ್ಕನಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಸಂಡೂರಿನ ಕಡೆಯ ಹೆಣ್ಣೊಂದನ್ನು ಅಪ್ಪನಿಗೆ ಗೊತ್ತು ಮಾಡಿದರು. ನಮ್ಮ ಸೀಮೆಯ ಎಷ್ಟೋ ಮನೆತನಗಳಲ್ಲಿ ಒಂದು ಪದ್ಧತಿ ಇತ್ತು. ಹೆಂಡತಿ ತೀರಿಕೊಂಡವನು ಮತ್ತೆ ಮದುವೆಯಾದರೆ, ಸತ್ತವಳ ಹಣೆಯ ಮೇಲಿದ್ದ ರೂಪಾಯಿಯ ಒಂದು ಮಗ್ಗುಲನ್ನು ಕೆರೆದು, ಅಲ್ಲಿ ಅವಳ ರೂಪ ಕೆತ್ತಿಸಿ, ಕುಣಿಕೆ ಹಾಕಿಸಿ, ಹೊಸಬಳ ಕೊರಳಿಗೆ ಕಟ್ಟಬೇಕು. ಈ ಬಿಲ್ಲೆ ಮೊದಲು, ತಾಳಿ ಆಮೇಲೆ. ಕಟ್ಟಬೇಕಾದವನು ಸತ್ತವಳ ಮಗ. ಅವನು ಕಟ್ಟದೆ ತಾಳಿ ಕಟ್ಟುವಂತಿಲ್ಲ. ಬಿಲ್ಲೆಯಿಲ್ಲದೆ ತಾಳಿ ಕಟ್ಟಿದರೆ ಸತ್ತವಳು ಹೊಸಬಳನ್ನು ಬದುಕಗೊಡುವುದಿಲ್ಲ ಎಂದು ನಂಬಿದ್ದರು.

‘ನಿಮ್ಮವ್ವನ ಮುಖ ಬಿಲ್ಲಿ ಮ್ಯಾಲೆ ಬರಸ್ತೀನಲೇ’ ಎಂದು ಅಪ್ಪ ಒಂದು ದಿನ ಹೇಳಿದ. ನನಗೆ ಹೊಸ ಅವ್ವ ಬೇಕಿರಲಿಲ್ಲ. ಆದರೆ ಆ ಮಾತು ಕೇಳಿದ್ದೇ ನಾನು ಮದುವೆಗೆ ಕುಣಿಯುತ್ತ ಒಪ್ಪಿಬಿಟ್ಟೆ. ಬಿಲ್ಲೆ ನೋಡಿದರಾಯಿತಲ್ಲ, ಮರೆತುಹೋದ ಮುಖ ಮತ್ತೆ ಸಿಗುತ್ತದೆ ಎಂದು ದಿನ ಎಣಿಸುತ್ತ ಕುಳಿತೆ.

ಮದುವೆ ಹಂಪಿಯಲ್ಲಿ, ಗೋಧೂಳಿ ಮುಹೂರ್ತಕ್ಕೆ. ಬಿಲ್ಲೆ ಅದೇ ದಿನ ಬೆಳಿಗ್ಗೆ ಹೊಸಪೇಟೆಯಲ್ಲಿ ಆಗಬೇಕು. ಅಪ್ಪ, ಅಕ್ಕ, ನಾನು ನಸುಕಿನಲ್ಲೇ ಕಂಪ್ಲಿಯಿಂದ ಬಸ್ಸು ಹತ್ತಿದೆವು. ಅಪ್ಪನದು ಭತ್ತದ ವ್ಯಾಪಾರ. ಚೀಲ ಹೊಲಿಯುವ ದಬ್ಬಣ ಸದಾ ಅವನ ಜೇಬಿನಲ್ಲಿ ಇರುತ್ತಿತ್ತು. ಮದುವೆಯ ಹೊಸ ಅಂಗಿಯ ಜೇಬಿಗೂ ಅಭ್ಯಾಸಬಲದಿಂದ ಅದನ್ನೇ ಸಿಕ್ಕಿಸಿಕೊಂಡಿದ್ದ. ಅದರ ಹಿಂಬದಿಯಿಂದ ಕಿವಿ ಕೆರೆದುಕೊಳ್ಳುವನು, ಮೊನೆಯಿಂದ ಹಲ್ಲಿನ ಸಂದಿ ಚುಚ್ಚಿಕೊಳ್ಳುವನು, ಪಂಚೆಗೆ ಒರೆಸಿ ಮತ್ತೆ ಜೇಬಿಗಿಡುವನು. ನಮ್ಮಪ್ಪನನ್ನು ನಾನು ತುಂಬ ಪ್ರೀತಿಸುತ್ತಿದ್ದೆ. ಆ ದಬ್ಬಣ ಹೊರಗೆ ಬಂದಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದೆ. ಬಸ್ಸಿನಲ್ಲಿ ಎಣ್ಣೆಯ ಹೊಗೆ, ಬೀಡಿಯ ಹೊಗೆ, ಯಾರದೋ ಬುಟ್ಟಿಯ ಒಣಮೀನಿನ ನಾತ ಎಲ್ಲ ಸೇರಿ, ಹೊಸಪೇಟೆ ಬರುವಷ್ಟರಲ್ಲಿ ನನ್ನ ಹೊಟ್ಟೆ ತೊಳಸಿ ಬಂದಿತ್ತು.

ಚಿನ್ನ ಬೆಳ್ಳಿ ಕೆಲಸ ಮಾಡುವ ಪತ್ತಾರನ ಅಂಗಡಿ ಒಂದು ಸಂದಿಯ ಕೊನೆಯಲ್ಲಿತ್ತು. ಬಾಗಿಲಿಗೆ ತಾಗಿಯೇ ಹರಿಯುವ ಗಟಾರ, ಒಳಗೆ ಕೆಂಡದ ಕಾವು, ಕೊಳೆತ ಹುಣಸೆಹಣ್ಣಿನ ನೀರಿನ ಹುಳಿ ವಾಸನೆ. ಪತ್ತಾರ ನಶ್ಯ ಏರಿಸಿ ಏರಿಸಿ ಮೂಗಿನ ಕೆಳಗೆ ಕಂದು ಗೆರೆ ಬರೆದುಕೊಂಡಿದ್ದ. ಅಪ್ಪ ಬಿಳಿ ಬಟ್ಟೆಯ ಗಂಟು ಬಿಚ್ಚಿದ. ರೂಪಾಯಿಯ ಮೇಲೆ ಕಿರೀಟ ಇಟ್ಟ ಗಡ್ಡದ ರಾಜ. ಅವನ ಗಡ್ಡದ ಎಳೆಗಳ ನಡುವೆ ಅವ್ವನ ಹಣೆಯ ವಿಭೂತಿ ಇನ್ನೂ ಒಣಗಿ ಕುಳಿತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಪತ್ತಾರ ಗಂಟಲು ಕ್ಯಾಕರಿಸಿ, ರೂಪಾಯಿಯ ಮೇಲೆ ಪಚಕ್ಕನೆ ಉಗುಳಿ, ಹೆಬ್ಬೆರಳಿನಿಂದ ಗರಗರ ತಿಕ್ಕಿದ. ವಿಭೂತಿ ಬೂದು ನೀರಾಗಿ ಅವನ ಉಗುರಿನ ಸಂದಿಗೆ ಸೇರಿತು.

ಆ ಕ್ಷಣ ನನಗಾದ ಅಸಹ್ಯವನ್ನು ಹೇಗೆ ಹೇಳಲಿ? ಅವನ ಕೈ ಕಚ್ಚಬೇಕು ಅನ್ನಿಸಿತು. ಬಾಯಿ ತೆರೆದರೆ ಬೆಳಿಗ್ಗೆ ತಿಂದದ್ದೆಲ್ಲ ಹೊರಗೆ ಬರುತ್ತದೆಂದು ಹಲ್ಲು ಕಚ್ಚಿ ಕುಳಿತೆ. ಅವನು ಅರದಿಂದ ರಾಜನ ಮುಖ ತೇಯಲು ಶುರು ಮಾಡಿದ. ಮೊದಲು ಮೂಗು ಹೋಯಿತು, ಆಮೇಲೆ ಗಡ್ಡ, ಆಮೇಲೆ ಕಿರೀಟ. ಉದುರಿದ ಬೆಳ್ಳಿಯ ಪುಡಿಯನ್ನು ಬಟ್ಟೆಯ ಮೇಲೆ ಒಟ್ಟು ಮಾಡಿ ಜೋಪಾನವಾಗಿ ಮಡಚಿಟ್ಟ. ಮಗ್ಗುಲು ನುಣ್ಣಗಾದ ಮೇಲೆ ಸಣ್ಣ ಉಳಿ ಹಿಡಿದು ಕೆತ್ತತೊಡಗಿದ. ಈಗ ಬಂತು, ಈಗ ಅವ್ವ ಬಂದಳು ಎಂದು ನಾನು ಆ ಉಗುಳನ್ನೂ ಮರೆತು ಅವನ ಮೊಣಕಾಲಿನ ಹತ್ತಿರಕ್ಕೆ ಸರಿದೆ.

ದುಂಡು ಮುಖ ಬಂತು. ಕಣ್ಣಿಗೆಂದು ಎರಡು ಗುಳಿ, ಮೂಗಿಗೆಂದು ಒಂದು ಗೀಟು, ಕೈಯಲ್ಲೊಂದು ದೀಪ. ಪತ್ತಾರ ಊದಿ, ಒರೆಸಿ, ‘ನೋಡ್ರಿ, ಹೆಂಗೈತಿ’ ಎಂದು ಅಪ್ಪನ ಕೈಗಿಟ್ಟ. ಅಕ್ಕ ಗೋಡೆಗಾನಿಸಿದ್ದ ಹಲಗೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ಸಾಲಾಗಿ ಬಿಲ್ಲೆಗಳನ್ನು ಜೋಡಿಸಿದ್ದರು. ಪ್ರತಿಯೊಂದರಲ್ಲೂ ಅದೇ ದುಂಡು ಮುಖ, ಅದೇ ಎರಡು ಗುಳಿ, ಅದೇ ದೀಪ.

‘ಇವೆಲ್ಲ ಒಬ್ಬಾಕೀನ ಏನ್ರಿ?’ ಎಂದು ಅಕ್ಕ ಕೇಳಿದಳು.

‘ಅಲ್ಲವಾ, ಬ್ಯಾರೆ ಬ್ಯಾರೆ ಊರಾಕೀರು. ಸತ್ತ ಮ್ಯಾಲೆ ಎಲ್ರೂ ದೇವ್ರ. ದೇವ್ರಿಗೆ ಒಂದ ಮುಖ ಸಾಲದೇನು?’

‘ನಮ್ಮವ್ವಗ ಗದ್ದದ ಮ್ಯಾಲೆ ಹಚ್ಚಿ ಇತ್ರಿ. ಅದೊಂದು ಹಾಕಿಕೊಡ್ರಿ.’

‘ದೇವ್ರಿಗೆ ಹಚ್ಚಿ ಎಲ್ಲಿ ಕಂಡೀಯವಾ? ಮುಖದ ಮ್ಯಾಲೆ ಹೆಚ್ಚಿಗಿ ಚುಕ್ಕಿ ಬಿದ್ರ ಬಿಲ್ಲಿ ಮುಕ್ಕಾದಂಗ. ನಾ ಹಾಕಂಗಿಲ್ಲ.’

ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ದಬ್ಬಣ ತೆಗೆದು ಕಿವಿ ಕೆರೆದುಕೊಳ್ಳುತ್ತ, ‘ಅವರು ತಿಳದವರು, ಬಿಡು’ ಎಂದ. ನಾನು ಹೊರಗೆ ಓಡಿ ಗಟಾರಕ್ಕೆ ಬಗ್ಗಿ ಎಲ್ಲವನ್ನೂ ಕಾರಿಕೊಂಡೆ. ಬಸ್ಸಿನ ನಾತ, ಹುಣಸೆಯ ಹುಳಿ, ಆ ಉಗುಳು, ಎಲ್ಲ ಒಟ್ಟಿಗೆ ಬಂತು. ಅಕ್ಕ ಬೆನ್ನು ತಟ್ಟಿದಳು. ಬಾಯಿ ತೊಳೆಯಲು ಪತ್ತಾರನ ಅಂಗಡಿಯ ನೀರು ಕೊಟ್ಟರೆ ನಾನು ಮುಟ್ಟಲಿಲ್ಲ. ಹಾಗೇ ಹಂಪಿಯ ಜಟಕಾ ಹತ್ತಿದೆ. ಬಿಲ್ಲೆಯ ಕುಣಿಕೆಗೆ ಕರಿಯ ದಾರ ಪೋಣಿಸಿ ಅಪ್ಪ ನನ್ನ ಜೇಬಿಗೆ ಹಾಕಿದ. ಕಮಲಾಪುರದ ಬಾಳೆತೋಟಗಳು ಹಿಂದೆ ಸರಿಯುತ್ತಿದ್ದವು, ಗಾಳಿ ತಣ್ಣಗಿತ್ತು. ನನಗೆ ಮಾತ್ರ ಜೇಬಿನಲ್ಲಿ ಯಾರೋ ಗುರುತಿಲ್ಲದ ಹೆಂಗಸು ಅಂಟಿಕೊಂಡು ಕುಳಿತಂತೆ ಆಗುತ್ತಿತ್ತು. ದಾರಿಯುದ್ದಕ್ಕೂ ಆ ಜೇಬಿನ ಕಡೆಯ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡಿದ್ದೆ.

ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಹೆಣ್ಣಿನ ಕಡೆಯವರು ಇಳಿದುಕೊಂಡಿದ್ದರು. ಚಪ್ಪಡಿಯ ಮೇಲೆ ಬಾವಲಿಯ ಹಿಕ್ಕೆ, ಕಂಬದ ಬುಡದಲ್ಲಿ ಕೋತಿಗಳು ತಿಂದುಗುಳಿದ ಬಾಳೆಸಿಪ್ಪೆ, ಪಕ್ಕದ ಮಂಟಪದಲ್ಲಿ ಕಟ್ಟಿದ ಎಮ್ಮೆಗಳ ಗಂಜಲ. ಇದರ ನಡುವೆ ಚಾಪೆ ಹಾಸಿ, ಬಾಸಿಂಗ ಕಟ್ಟಿಸಿಕೊಂಡು, ತಲೆ ತಗ್ಗಿಸಿ ಕುಳಿತಿದ್ದಳು ನಮ್ಮ ಚಿಕ್ಕವ್ವ. ಅಕ್ಕನಿಗಿಂತ ಐದಾರು ವರ್ಷ ದೊಡ್ಡವಳಿದ್ದಿರಬೇಕು. ನನಗೆ ಮೊದಲು ಕಂಡದ್ದು ಅವಳ ಅಂಗಾಲು. ಅರಿಶಿನ ಹಚ್ಚಿದ್ದರೂ ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಮದುವೆಯ ದಿನವೂ ಕಾಲು ತೊಳೆಯದ ಹೆಂಗಸು ಎಂದು ನಾನು ಮುಖ ಸಿಂಡರಿಸಿದೆ.

ಬಿಲ್ಲೆ ಕಟ್ಟುವುದು ಮಂಟಪದಲ್ಲೇ. ಕಟ್ಟಿದ ಮೇಲೆ ವಿರೂಪಾಕ್ಷನ ಗುಡಿಗೆ ಹೋಗಿ ತಾಳಿ. ಹೊತ್ತು ಇಳಿಯುತ್ತಿತ್ತು. ಚಿಕ್ಕವ್ವನ ತಂದೆ ನನ್ನನ್ನು ಕರೆದು, ‘ಬಾರಪಾ, ಕಟ್ಟು. ಜಲ್ದಿ ಆಗ್ಬೇಕು’ ಎಂದರು. ನಾನು ಹೋದೆ. ದಾರ ಹಿಡಿದು ಬಿಲ್ಲೆ ಹೊರಗೆ ತೆಗೆದೆ. ಆ ಎರಡು ಗುಳಿಗಣ್ಣುಗಳು ನನ್ನನ್ನು ನೋಡಿದವು. ಇದನ್ನು ಅವ್ವ ಎಂದು ಕಟ್ಟಿಬಿಟ್ಟರೆ ಇನ್ನು ಮುಂದೆ ಎಲ್ಲರೂ ಇದನ್ನೇ ಅವ್ವ ಎನ್ನುತ್ತಾರೆ, ನನಗೂ ಕೊನೆಗೆ ಇದೇ ಮುಖ ಉಳಿಯುತ್ತದೆ ಎಂದು ಹೊಳೆಯಿತು. ನನ್ನ ಕೈ ಹಿಂದಕ್ಕೆ ಬಂತು.

‘ಇದು ನಮ್ಮವ್ವ ಅಲ್ಲ’ ಎಂದೆ. ‘ಇದಕ್ಕ ಆ ಪತ್ತಾರ ಉಗುಳ್ಯಾನ. ನಾ ಕಟ್ಟಂಗಿಲ್ಲ.’

ಮಂಟಪದಲ್ಲಿದ್ದ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬೆಲ್ಲ ಕೊಡುತ್ತೇವೆ ಎಂದರು, ಬುಗುರಿ ಕೊಡಿಸುತ್ತೇವೆ ಎಂದರು, ಕಿವಿ ಹಿಂಡುತ್ತೇವೆ ಎಂದರು. ಅಪ್ಪ ಕೈಯೆತ್ತಿಕೊಂಡು ಬಂದ. ಅಕ್ಕ ಅಡ್ಡ ನಿಂತಳು. ನಾನು ಹಿಂದೆ ಹಿಂದೆ ಸರಿದು ಮೂಲೆಯ ಕಂಬಕ್ಕೆ ಬೆನ್ನು ಹಚ್ಚಿ ನಿಂತೆ. ಚಿಕ್ಕವ್ವನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಅಳಲು ಶುರು ಮಾಡಿದರು. ಮುಹೂರ್ತ ಮೀರಿ, ಬಾಸಿಂಗ ಕಟ್ಟಿದ ಹುಡುಗಿ ಹಾಗೇ ಸಂಡೂರಿಗೆ ಮರಳಿದರೆ ಮುಂದೆ ಅವಳ ಗತಿ ಏನು ಎಂಬುದು ಆಗಿನ ಕಾಲದಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ನನಗೂ ಗೊತ್ತಾಗುತ್ತಿತ್ತು. ಆದರೂ ಕೈ ಬರುತ್ತಿರಲಿಲ್ಲ.

ಆಗ ಚಿಕ್ಕವ್ವ ಎದ್ದಳು. ಮದುಮಗಳು ಹಾಗೆ ಏಳಬಾರದು ಎಂದು ಯಾರೋ ಗದರಿದರು. ‘ನೀವೆಲ್ಲ ತಟಗು ಅತ್ತಾಗ ಸರೀರಿ’ ಎಂದು ಅವಳು ನೆಟ್ಟಗೆ ನನ್ನ ಹತ್ತಿರ ಬಂದು, ಕಂಬದ ಬುಡದಲ್ಲಿ, ಆ ಬಾಳೆಸಿಪ್ಪೆಗಳ ಪಕ್ಕದಲ್ಲೇ, ಕೂತುಬಿಟ್ಟಳು. ಬಿಲ್ಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. ಅವಳ ತುಟಿಯೂ ವಕ್ರವಾಯಿತು.

‘ಇದನ್ನ ಕೊಳ್ಳಾಗ ಹಾಕ್ಕೊಳ್ಳಾಕ ನನಗೂ ಹೇಸಿಗಿ ಬರ್ತದಪಾ’ ಎಂದಳು ಮೆಲ್ಲಗೆ. ‘ಗುರ್ತಿಲ್ಲ, ಪರಿಚಯಿಲ್ಲ. ಯಾರೋ ಏನೋ.’

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹೇಸಿಗೆ ಬರುತ್ತದೆ ಎಂದು ದೊಡ್ಡವರೊಬ್ಬರು ಒಪ್ಪಿಕೊಂಡದ್ದನ್ನು ಅದೇ ಮೊದಲು ನಾನು ಕೇಳಿದ್ದು. ನನ್ನ ಕಣ್ಣು ತನ್ನ ಕಾಲಿನ ಮೇಲೆ ಹೋದದ್ದು ಅವಳಿಗೆ ತಿಳಿಯಿತು. ‘ನಮ್ಮೂರ ಗುಡ್ಡದ ಮಣ್ಣಿದು, ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ’ ಎಂದು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಆಮೇಲೆ, ‘ನನಗ ಗುರ್ತಾರ ಮಾಡಿಕೊಡು. ನಿಮ್ಮವ್ವ ಹೆಂಗಿದ್ಲು?’ ಎಂದಳು.

ಹೇಗಿದ್ದಳು? ಗೊತ್ತಿದ್ದರೆ ತಾನೆ ಹೇಳುವುದು! ‘ಹಚ್ಚಿ ಇತ್ತು’ ಎಂದೆ. ‘ಗದ್ದದ ಮ್ಯಾಲೆ. ಒಂದ ಚುಕ್ಕಿ.’

‘ಇಲ್ಲೇನು?’ ಚಿಕ್ಕವ್ವ ತನ್ನ ಗದ್ದದ ನಡುವೆ ಬೆರಳಿಟ್ಟಳು. ನಾನು ಅಲ್ಲವೆಂದು ತಲೆಯಾಡಿಸಿದೆ. ‘ಮತ್ತ ಇಲ್ಲೇನು?’ ತುಸು ಕೆಳಗಿಟ್ಟಳು. ಅದೂ ಅಲ್ಲ. ಸಹನೆ ತಪ್ಪಿ ನಾನೇ ಅವಳ ಬೆರಳು ಹಿಡಿದು, ಎಡಕ್ಕೆ ಸರಿಸಿ, ಸರಿಯಾದ ಜಾಗಕ್ಕೆ ಒತ್ತಿದೆ. ತುತ್ತು ತಿನ್ನುವಾಗ ನನ್ನ ಬೆರಳು ದಿನಾ ಇರುತ್ತಿದ್ದ ಜಾಗ ಅದು. ಒತ್ತಿದ್ದೇ ತಡ, ಅವ್ವನ ಮುಖ ಬಂತು. ನಿಜವಾಗಿ ಬಂತು ಮಕ್ಕಳೇ. ಒಂದು ಕಡೆ ಮೇಲಾದ ಹುಬ್ಬು, ನಗುವಾಗ ಕಾಣುವ ಓರೆಹಲ್ಲು, ಒಲೆಯ ಕಾವಿಗೆ ಕೆಂಪಾದ ಮೂಗಿನ ತುದಿ, ಎಲ್ಲ ಒಂದರ ಹಿಂದೊಂದು ಬಂದು ಕೂಡಿಕೊಂಡವು. ನಾನು ಬಿಕ್ಕಿ ಬಿಕ್ಕಿ ಅಳುತ್ತ ಅದನ್ನೆಲ್ಲ ಗಟ್ಟಿಯಾಗಿ ಹೇಳತೊಡಗಿದೆ. ಮತ್ತೆ ಮರೆತೀತೆಂಬ ಭಯ. ಚಿಕ್ಕವ್ವ ಒಂದೊಂದಕ್ಕೂ ‘ಹೂಂ’ ಎನ್ನುತ್ತ ಕೇಳಿಸಿಕೊಂಡಳು. ದೂರದಲ್ಲಿ ನಿಂತ ಅಪ್ಪ ಎತ್ತಿದ ಕೈಯನ್ನು ಯಾವಾಗಲೋ ಕೆಳಗಿಳಿಸಿದ್ದ.

‘ಚುಚ್ಚಾಕ ಏನರ ಐತೇನ್ರಿ?’ ಎಂದು ಚಿಕ್ಕವ್ವ ಅವನನ್ನೇ ಕೇಳಿದಳು. ಗಂಡನಾಗುವವನೊಡನೆ ಅವಳು ಆಡಿದ ಮೊದಲ ಮಾತು ಅದು. ಅಪ್ಪ ಪೆಚ್ಚಾಗಿ ಜೇಬಿನಿಂದ ದಬ್ಬಣ ತೆಗೆದುಕೊಟ್ಟ. ಅದರ ಚರಿತ್ರೆಯೆಲ್ಲ ಬಲ್ಲ ನಾನು ಕಣ್ಣು ಮುಚ್ಚಿಕೊಂಡೆ. ಚಿಕ್ಕವ್ವ ಅದರ ಮೊನೆ ನೋಡಿದಳು, ಹಿಂಬದಿ ನೋಡಿದಳು, ಅಪ್ಪನ ಕಡೆಗೊಮ್ಮೆ ನೋಡಿದಳು. ತನ್ನ ಧಾರೆಸೀರೆಗೇ ಚೆನ್ನಾಗಿ ಒರೆಸಿದಳು. ಆಮೇಲೆ ಬಿಲ್ಲೆಯನ್ನು ಚಪ್ಪಡಿಯ ಮೇಲಿಟ್ಟು, ದಬ್ಬಣವನ್ನು ಆ ದುಂಡು ಮುಖದ ಗದ್ದಕ್ಕೆ ನಿಲ್ಲಿಸಿ ಹಿಡಿದು, ‘ಕಲ್ಲು ತಗೊಂಡು ನೀನ ಹೊಡಿ’ ಎಂದಳು. ಬಿಲ್ಲೆ ಮುಕ್ಕಾಗುತ್ತದೆ ಎಂದು ಹಿರಿಯರೊಬ್ಬರು ಕೂ ಹಾಕಿದರು. ನಾನು ಹೊಡೆದೆ. ಟಣ್ ಎಂದಿತು. ಚುಕ್ಕಿ ಬಿತ್ತು, ಸರಿಯಾಗಿ ಎಡಕ್ಕೆ.

ಅಕ್ಕ ಬಗ್ಗಿ ನೋಡಿ, ‘ಈಗ ನಮ್ಮವ್ವ ಆದ್ಲು’ ಎಂದಳು.

ಚಿಕ್ಕವ್ವ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಚುಕ್ಕಿಯ ಅಂಚಿನ ಪುಡಿ ಒರೆಸಿದಳು. ಆಮೇಲೆ ಸೆರಗಿನ ತುದಿಯನ್ನು ಹಾಗೇ ನಾಲಿಗೆಗೆ ತಾಗಿಸಿ, ನನ್ನ ಗಲ್ಲದ ಮೇಲೆ ಒಣಗಿ ಅಂಟಿದ್ದ ವಾಂತಿಯನ್ನೂ ಕಣ್ಣೀರನ್ನೂ ಒರೆಸಿದಳು. ನಾನು ಉಸಿರು ಬಿಗಿಹಿಡಿದೆ. ಈಗ ಹೊಟ್ಟೆ ತೊಳಸುತ್ತದೆ, ಈಗ ಓಕರಿಕೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವಳು ಕೊರಳು ಬಗ್ಗಿಸಿದಳು. ನಾನು ದಾರ ಕಟ್ಟಿದೆ. ಗುಡಿಯಲ್ಲಿ ಗಂಟೆ ಮೊಳಗಿತು, ಎಲ್ಲರೂ ಎದ್ದುಬಿದ್ದು ಆ ಕಡೆ ಓಡಿದರು.

ಚಿಕ್ಕವ್ವ ಆ ಬಿಲ್ಲೆಯನ್ನು ಕೊನೆಯವರೆಗೂ ಕೊರಳಿನಿಂದ ತೆಗೆಯಲಿಲ್ಲ. ಅಡಿಗೆ ಮಾಡುವಾಗ, ಭತ್ತ ಹಸನು ಮಾಡುವಾಗ, ಅವ್ವನ ಬಗ್ಗೆ ಏನಾದರೊಂದು ಕೇಳುತ್ತಲೇ ಇರುತ್ತಿದ್ದಳು. ಉಪ್ಪು ಎಷ್ಟು ಹಾಕುತ್ತಿದ್ದಳು, ಸಿಟ್ಟು ಬಂದರೆ ಏನು ಮಾಡುತ್ತಿದ್ದಳು ಎಂದು. ಕಡೆಕಡೆಗೆ ನಾವು ಮರೆತದ್ದನ್ನು ಅವಳೇ ನಮಗೆ ನೆನಪಿಸಿ ಕೊಡುತ್ತಿದ್ದಳು. ಈಗ ನಮ್ಮ ದೇವರ ಗೂಡಿನಲ್ಲಿರುವುದು ಅದೇ ಬಿಲ್ಲೆ. ಪಕ್ಕದಲ್ಲಿರುವ ತುಕ್ಕು ಹಿಡಿದ ಸಲಾಕೆ ಏನಜ್ಜ ಎಂದು ನೀವು ಕೇಳುತ್ತಿದ್ದಿರಲ್ಲ, ಅದೇ ಆ ದಬ್ಬಣ.

ಇನ್ನು ನಿಮ್ಮ ನಾಣ್ಯಕ್ಕೆ ಬರುತ್ತೇನೆ. ಈಗ ನಾವಿರುವ ನಿಮ್ಮ ಹೊಸಪೇಟೆ ಬೇರೆ. ಹಗಲಿರುಳೂ ಅದಿರಿನ ಲಾರಿಗಳು. ನಿಮ್ಮಪ್ಪನ ಟಿಪ್ಪರುಗಳೂ ಅದರಲ್ಲಿವೆ, ನಾನು ತಿನ್ನುವ ಅನ್ನವೂ ಅದರಿಂದಲೇ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಇಡ್ಲಿಯ ಮೇಲೆ ಕೆಂಪು ಧೂಳು, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು, ಮೂಗು ಸೀಟಿದರೆ ಕರವಸ್ತ್ರವೂ ಕೆಂಪು. ಚಿಕ್ಕವ್ವನ ಹಿಮ್ಮಡಿಯಲ್ಲಿದ್ದ ಅದೇ ಗುಡ್ಡದ ಮಣ್ಣು ಈಗ ಹಡಗು ಹತ್ತಿ ಯಾವ ಯಾವುದೋ ದೇಶಕ್ಕೆ ಹೋಗುತ್ತಿದೆ. ನೀವು ಬಾಟಲಿ ನೀರು ಕುಡಿಯುತ್ತೀರಿ, ಊಟದ ಮುಂಚೆ ಸೀಸೆಯ ಜೆಲ್ ಹಚ್ಚಿ ಕೈ ಉಜ್ಜುತ್ತೀರಿ. ಒಬ್ಬರ ಚಮಚ ಇನ್ನೊಬ್ಬರು ಮುಟ್ಟಿದರೆ ಕಿರುಚುತ್ತೀರಿ. ಆ ವಿಷಯದಲ್ಲಿ ನೀವು ಅಪ್ಪಟ ನನ್ನ ಮೊಮ್ಮಕ್ಕಳೇ.

ಆ ಮದುವೆಗೆ ನಾನೂ ಬಂದಿದ್ದೆನಲ್ಲ. ಅದಿರಿನಿಂದ ದಿಢೀರನೆ ದುಡ್ಡು ಕಂಡವರ ಮನೆಯ ಮದುವೆ. ಒಂದೊಂದು ಎಲೆಯಲ್ಲೂ ಅರ್ಧಕ್ಕರ್ಧ ಬಿಟ್ಟೆದ್ದ ಸಿಹಿಯಡಿಗೆ, ಚಪ್ಪರದ ಹಿಂದೆ ತುಪ್ಪದ ಹೋಳಿಗೆಯ ರಾಶಿ, ಅದರ ಮೇಲೆ ನೊಣ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಒಂದು ವೆಲ್ವೆಟ್ ಡಬ್ಬಿ. ಒಳಗೆ ಬೆಳ್ಳಿ ನಾಣ್ಯ, ಅದರ ಮೇಲೆ ಮದುಮಕ್ಕಳ ಹೆಸರು, ಸುತ್ತಲೂ ಹೃದಯದ ಚಿತ್ರ. ನಿಮ್ಮಪ್ಪ ಹೆಮ್ಮೆಯಿಂದ, ‘ಒರಿಜಿನಲ್ ಹಳೇ ರೂಪಾಯಪಾ. ಹಳ್ಳಿಗಳಾಗ ಮೂಟಿಗಟ್ಟಲೆ ಕೊಂಡು ಮಷೀನ್‌ನಾಗ ಕೆತ್ಸ್ಯಾರ. ಮಸ್ತ್ ಐತಲ್ಲ?’ ಎಂದ.

ಮರುದಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ನಾಣ್ಯವನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಮೇಲಂಚಿನಲ್ಲಿ ಮುರಿದ ಕುಣಿಕೆಯ ಗುರುತು. ಹೃದಯದ ಚಿತ್ರದೊಳಗೆ, ತೇಯ್ದರೂ ಪೂರಾ ಹೋಗದೆ, ಎರಡು ಗುಳಿಗಣ್ಣು. ಹೆಸರಿನ ಅಕ್ಷರಗಳ ಕೆಳಗೆ ಒಂದು ದೀಪದ ಕುಡಿ. ಆಗ ನಾನು ‘ಥೂ’ ಎಂದದ್ದು. ಯಾರದೋ ಅವ್ವ, ಮಕ್ಕಳೇ, ಅದು. ಯಾವಳೋ ಹೆಣ್ಣುಮಗಳು ಕೊರಳಲ್ಲಿ ಕಟ್ಟಿಸಿಕೊಂಡು ಬದುಕು ಸವೆಸಿದ ಬಿಲ್ಲೆ. ಮಾರಿದವರ ಮೇಲೆ ನನಗೆ ಹೇಸಿಗೆಯಿಲ್ಲ. ಮನೆಯಲ್ಲಿ ಏನು ಕಷ್ಟವಿತ್ತೋ, ಯಾರಿಗೆ ಗೊತ್ತು. ಆ ಕಣ್ಣುಗಳನ್ನು ನೋಡಿಯೂ ಮೇಲೆ ಮಷೀನು ಹರಿಸಿ, ಹೃದಯ ಬರೆದು, ‘ಸವಿನೆನಪಿಗಾಗಿ’ ಎಂದು ಹಂಚಿದರಲ್ಲ, ಅದು ನನಗೆ ಪತ್ತಾರನ ಉಗುಳಿಗಿಂತ ಅಸಹ್ಯವಾಗಿ ಕಂಡಿತು. ಪಾಪ, ಅವನು ಉಗುಳಿದ್ದಾದರೂ ಅವ್ವನನ್ನು ಕೆತ್ತುವುದಕ್ಕೆ.

ನಿನ್ನೆ ನಾನು ಹೆಬ್ಬೆರಳಿಗೆ ಎಂಜಲು ಹಚ್ಚಿ ಆ ನಾಣ್ಯ ಉಜ್ಜುತ್ತ ಕುಳಿತಾಗ ನೀವೆಲ್ಲ ‘ಛೀ ಅಜ್ಜಾ!’ ಎಂದು ಕೂಗಿ ಎದ್ದು ಓಡಿದಿರಿ. ಒಬ್ಬ ಜೆಲ್ ಸೀಸೆ ತಂದು ನನ್ನ ಮುಂದೆ ಕುಕ್ಕಿದ. ನಾನು ಉಜ್ಜಿ ಮುಗಿಸಿ, ಅದನ್ನು ನಮ್ಮ ಅವ್ವನ ಬಿಲ್ಲೆಯ ಪಕ್ಕದಲ್ಲಿಟ್ಟೆ. ಎಲ್ಲರೂ ಹೋದ ಮೇಲೆ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಮೆಲ್ಲಗೆ ಬಂದಳು. ಅವಳಿಗೆ ಮಾತ್ರ ಈ ಕಥೆಯನ್ನು ಆಗಲೇ ಹೇಳಿದೆ. ದೇವರ ಗೂಡಿಗೆ ಎಟುಕದೆ ಸ್ಟೂಲು ಎಳೆದುಕೊಂಡು ಹತ್ತಿ, ಎರಡನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ದಬ್ಬಣ ಎತ್ತಿಕೊಂಡು ನನ್ನ ಕೈಗೆ ಕೊಟ್ಟು ಕೇಳಿದಳು:

‘ಇವರಿಗೆ ಚುಕ್ಕಿ ಎಲ್ಲಿತ್ತಜ್ಜಾ?’

ನನಗೆ ಗೊತ್ತಿಲ್ಲ ಪುಟ್ಟೀ. ಬೆರಳು ಹಿಡಿದು ತೋರಿಸಬಲ್ಲ ಮಕ್ಕಳು ಎಲ್ಲಿದ್ದಾರೋ, ಅವರಿಗಷ್ಟೇ ಗೊತ್ತು.